ಎರಡನೇ ಫ್ಲೂಟ್

"ಮಗೂಗಾ ಮೇಡಂ?"

ಗಾಜಿನ ಕೌಂಟರಿನ ಹಿಂದಿದ್ದವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕುಂದಲಹಳ್ಳಿಯ ಆ ವಾದ್ಯಗಳ ಅಂಗಡಿಗೆ ಶನಿವಾರ ಬರುವವರಲ್ಲಿ ಹೆಚ್ಚಿನವರು ಮಕ್ಕಳ ಕೈ ಹಿಡಿದುಕೊಂಡೇ ಬರುತ್ತಿದ್ದರು. ಆದರೂ ನೀಲಾಂಬಿಕಾಳ ಮೂಗಿನ ತುದಿ ಕೆಂಪಾಯಿತು. ಪೀಣ್ಯದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್ ಮುಗಿಸಿ, ನೀಲಿ ಯೂನಿಫಾರ್ಮನ್ನೂ ಬದಲಿಸದೆ, ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ, ಒಂದೂವರೆ ಗಂಟೆ ನಿಂತುಕೊಂಡೇ ಬಂದಿದ್ದಳು.

"ನನಗೆ," ಅಂದಳು.

"ಓ, ಕಲೀಬೇಕಾ? ಒಳ್ಳೇದು ಮೇಡಂ. ಬಿಗಿನರ್ಸ್‌ಗೆ ಅಂತಾನೇ ಒಂದು..."

"ಕಲಿತು ಹದಿನೈದು ವರ್ಷ ಆಯ್ತು."

ಕಪಾಟಿನ ಕಡೆ ಹೊರಟಿದ್ದ ಅವನ ಕೈ ಅರ್ಧದಲ್ಲೇ ನಿಂತಿತು. ತಿರುಗಿದ. ಮೂವತ್ತು ಮೂವತ್ತೊಂದರ ಪ್ರಾಯ, ಎಣ್ಣೆಗಪ್ಪು ಬಣ್ಣ, ಅಂಗಿಯ ಜೇಬಿನಲ್ಲಿ ಪುಟ್ಟ ಪುಟ್ಟ ಸ್ಕ್ರೂಡ್ರೈವರುಗಳ ಸಾಲು. ಎದೆಯ ಬಿಲ್ಲೆಯ ಮೇಲೆ 'ರೇವಣಸಿದ್ದ' ಎಂದಿತ್ತು.

"ಹಾಗಾದ್ರೆ ನಾನು ಬಾಯಿ ಮುಚ್ಕೊಂಡು ಕೇಳಿಸ್ಕೋಬೇಕು," ಎಂದ. "ಹೇಳಿ ಮೇಡಂ."

ನೀಲಾ ಚೀಲದಿಂದ ತನ್ನ ಹಳೆಯ ಫ್ಲೂಟಿನ ಪೆಟ್ಟಿಗೆ ತೆಗೆದು ಕೌಂಟರಿನ ಮೇಲಿಟ್ಟಳು. ಬಿದಿರಿನ ಕೊಳಲಲ್ಲ, ಬ್ಯಾಂಡುಗಳಲ್ಲಿ ನುಡಿಸುವ, ಮೈತುಂಬ ಕೀಗಳಿರುವ ಲೋಹದ ಫ್ಲೂಟು. ಕಲಿಯುವವರಿಗೆಂದು ಮಾಡಿದ್ದು. ಬಾದಾಮಿ ಕಡೆಯ ವಸತಿ ಶಾಲೆಯಲ್ಲಿ ಹದಿಮೂರನೆಯ ವಯಸ್ಸಿಗೆ ಬ್ಯಾಂಡು ಸೇರಿದವಳು ಅವಳು. ಪೀಣ್ಯದಲ್ಲಿ ಕೆಲಸ ಸಿಕ್ಕ ವರ್ಷವೇ ಇದನ್ನು ಕೊಂಡಿದ್ದಳು.

ರೇವಣಸಿದ್ದ ಮೂರು ತುಂಡುಗಳನ್ನು ಜೋಡಿಸಿದ. ಕಣ್ಣು ಮುಚ್ಚಿ, ಒಂದೊಂದು ಕೀಯನ್ನೂ ಹಸುಗೂಸಿನ ಬೆರಳು ಮುಟ್ಟಿದಂತೆ ಒತ್ತಿ ಒತ್ತಿ ಬಿಟ್ಟ.

"ಸರ್ವೀಸ್ ಎಲ್ಲಿ ಮಾಡಿಸ್ತೀರಾ?"

"ನಾನೇ ಮಾಡ್ಕೋತೀನಿ."

"ನೀವೇ ಅಂದ್ರೆ?"

"ವಾಲ್ವ್ ಇನ್‌ಸ್ಪೆಕ್ಷನ್ ನನ್ನ ಕೆಲಸ. ಎಲ್ಲಿ ಸೋರುತ್ತೆ ಅಂತ ಹುಡುಕೋದಕ್ಕೇ ನನಗೆ ಸಂಬಳ. ಸಿಗರೇಟ್ ಪೇಪರ್ ಕೀ ಕೆಳಗಿಟ್ಟು ಮೆತ್ತಗೆ ಎಳೀತೀನಿ. ಸಡಿಲ ಇದ್ರೆ ಗೊತ್ತಾಗುತ್ತೆ."

"ಯಾವ ಬ್ರ್ಯಾಂಡ್ ಸೇದ್ತೀರಾ?"

ನೀಲಾ ತಲೆಯೆತ್ತಿ ದುರುಗುಟ್ಟಿದಳು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತುಟಿಯ ಎಡ ಮೂಲೆ ಮಾತ್ರ ಹೇಳಿದ ಮಾತು ಕೇಳದೆ ಅತ್ತಿತ್ತ ಸರಿಯಿತು. ಅವಳಿಗೂ ನಗು ಬಂತು. ಬಂದದ್ದನ್ನು ಕೆಮ್ಮಿನಲ್ಲಿ ಮರೆಸಿದಳು.

"ತೀರಾ ದುಬಾರಿದು ಬೇಡ. ಕಲಿಯೋರದ್ದೂ ಬೇಡ. ನಡುವಿನದು ಬೇಕು," ಅಂದಳು.

"ನಡುವಿನದನ್ನ ಆರಿಸೋದೇ ಕಷ್ಟ ಮೇಡಂ. ಅಗ್ಗದ್ದೆಲ್ಲಾ ಒಂದೇ ತರ ಇರುತ್ತೆ. ದುಬಾರಿದು ಮೋಸ ಮಾಡಲ್ಲ. ಈ ನಡುವಿನವು ಇದಾವಲ್ಲ, ಒಂದೊಂದಕ್ಕೆ ಒಂದೊಂದು ಬುದ್ಧಿ. ಆರಾಮಾಗಿ ನೋಡಿ. ಆತುರ ಇಲ್ಲ ತಾನೇ?"

ಆತುರ ಇತ್ತು. ಅಲ್ಲೇ ಹತ್ತಿರದ ಶಾಲೆಯೊಂದರ ಸಭಾಂಗಣದಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಒಂದು ವಾದ್ಯವೃಂದ ಸೇರುತ್ತಿತ್ತು. ಮೂವತ್ತು ಜನ, ಬಹುತೇಕ ಸುತ್ತಲಿನ ಟೆಕ್ ಪಾರ್ಕುಗಳವರು. ಅದರಲ್ಲಿ ನೀಲಾ ಆರು ವರ್ಷದಿಂದ ಎರಡನೇ ಫ್ಲೂಟು. ಮೊದಲನೇ ಫ್ಲೂಟು, ಅಂದರೆ ಮುಖ್ಯ ಭಾಗ ನುಡಿಸುವವಳು, ನಿವೇದಿತಾ. ಬರುವ ಕಛೇರಿಯಲ್ಲಿ ಫ್ಲೂಟಿಗೆಂದೇ ಎರಡು ನಿಮಿಷದ ಒಂಟಿ ಭಾಗ, ಒಂದು ಸೋಲೋ, ಇತ್ತು. ನಿರ್ದೇಶಕ ಮುತ್ತಣ್ಣ ಸರ್, ನಿವೃತ್ತ ಬ್ಯಾಂಡ್ ಮಾಸ್ಟರ್, ಐದು ವಾರದ ನಂತರ ಇಬ್ಬರಿಂದಲೂ ನುಡಿಸಿ ಒಬ್ಬರನ್ನು ಆರಿಸುವುದಾಗಿ ಹೇಳಿದ್ದರು. ಆಮೇಲೆ ನೀಲಾಳನ್ನು ಪಕ್ಕಕ್ಕೆ ಕರೆದು, "ನಿನ್ನ ಉಸಿರು ಬೆಳೆದಿದೆಯಮ್ಮ. ಫ್ಲೂಟು ಅಲ್ಲೇ ನಿಂತಿದೆ," ಎಂದಿದ್ದರು.

ರೇವಣಸಿದ್ದ ಮೂರು ಫ್ಲೂಟು ತಂದಿಟ್ಟ. ಬೆಲೆಯ ಚೀಟಿಗಳನ್ನು ಮಗುಚಿಟ್ಟ.

"ಹೊಳಪು ನೋಡ್ಬೇಡಿ. ತುಟಿ ಇಡೋ ತಲೆಭಾಗ ಇದೆಯಲ್ಲ, ಧ್ವನಿ ಇರೋದು ಅಲ್ಲಿ. ಮೂರರಲ್ಲೂ ಒಂದೇ ರಾಗ ನುಡಿಸಿ. ಮೊದಲು ಮೆತ್ತಗೆ. ಜೋರಾಗಿ ಊದಿದ್ರೆ ಎಲ್ಲವೂ ಚೆನ್ನಾಗೇ ಕೇಳುತ್ತೆ."

ಮೊದಲನೆಯದರ ಕೀಗಳ ನಟ್ಟನಡುವೆ ತೂತುಗಳಿದ್ದವು. ಸ್ವಲ್ಪ ಮೇಲ್ಮಟ್ಟದ ಫ್ಲೂಟುಗಳಲ್ಲಿ ಹೆಚ್ಚಿನವು ಹಾಗೇ. ಬೆರಳ ತುದಿಯಿಂದ ಆ ತೂತನ್ನು ಪೂರ್ತಿ ಮುಚ್ಚಬೇಕು. ನೀಲಾಳ ಎಡಗೈಯ ಉಂಗುರದ ಬೆರಳಿಗೆ ಅದು ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಿಡಿಭಾಗ ಹಿಡಿದಿಡುವ ಕಬ್ಬಿಣದ ಫಿಕ್ಸ್ಚರ್ ಜಾರಿ ಬಿದ್ದು ಅದರ ತುದಿ ಒಂದಿಷ್ಟು ಸೊಟ್ಟಗಾಗಿತ್ತು. ಊದಿದಳು, ಗಾಳಿ ಸೋರಿತು. ಮತ್ತೆ ಊದಿದಳು, ಮತ್ತೆ ಸೋರಿತು. ಅವನು ಆ ಬೆರಳನ್ನು ನೋಡಿದ. ಸುಮ್ಮನೆ ಎರಡನೆಯದನ್ನು ಮುಂದಕ್ಕೆ ಸರಿಸಿದ. ಅದರದ್ದು ತೂತಿಲ್ಲದ, ಮುಚ್ಚಿದ ಕೀಗಳು.

ಅದು ಕೈಗೆ ಹೇಳಿ ಮಾಡಿಸಿದಂತೆ ಕೂತಿತು. ಕೆಳಗಿನ ಸ್ವರಗಳು ದುಂಡಗೆ, ಬೆಚ್ಚಗೆ ಬಂದವು. ಆದರೆ ಮೇಲೇರಿದಾಗ ಸ್ವರದ ಅಂಚಿಗೆ ಸಣ್ಣದೊಂದು ಸುಂಯ್‌ಗುಟ್ಟುವಿಕೆ ಅಂಟಿಕೊಂಡಿತ್ತು. ಕುಕ್ಕರಿನ ವಿಷಲ್ ಏಳುವ ಮುಂಚಿನ ಉಸಿರಿನ ಹಾಗೆ.

"ಮೇಲೆ ಸುಸ್ ಅಂತ ಬರ್ತಿದೆ ಅಲ್ವಾ?"

"ಇಲ್ಲ ಮೇಡಂ. ಸಕ್ಕತ್ತಾಗಿದೆ."

ಅವಳು ಮತ್ತೆ ನುಡಿಸಿದಳು. "ಈಗ?"

"ಕ್ಲೀನಾಗಿದೆ ಮೇಡಂ."

ನೀಲಾ ಫ್ಲೂಟು ಕೆಳಗಿಟ್ಟಳು. ಅಲ್ಲಿಯವರೆಗೆ ಎಲ್ಲೋ ಒಳಗೆ ಬಿಚ್ಚಿಕೊಳ್ಳುತ್ತಿದ್ದದ್ದು ಫಕ್ಕನೆ ಮುಚ್ಚಿಕೊಂಡಿತು. ಇವನೂ ಮಾಲು ಸಾಗಹಾಕುವವನೇ. ಸಿಗರೇಟಿನ ತಮಾಷೆ, ಚೀಟಿ ಮಗುಚಿಟ್ಟದ್ದು, ಎಲ್ಲ ಗಿರಾಕಿಯನ್ನು ಮೆತ್ತಗೆ ಮಾಡುವ ಉಪಾಯ.

"ನನ್ನ ಯೂನಿಫಾರ್ಮ್ ನೋಡಿ ಕಿವುಡಿ ಅನ್ಕೊಂಡ್ರಾ?"

ಅವನ ಮುಖದ ಬಣ್ಣ ಇಳಿದುಹೋಯಿತು. ಏನೋ ಹೇಳಲು ಬಾಯಿ ತೆರೆದವನು ಒಳಗಿನ ಕ್ಯಾಬಿನ್ ಕಡೆ ನೋಡಿದ. ಅಲ್ಲಿ ಅಂಗಡಿಯ ಒಡತಿ ಶೈಲಾ ಮೇಡಂ ಫೋನಿನಲ್ಲಿ ಮಾತಾಡುತ್ತಿದ್ದರು.

ನೀಲಾ ತನ್ನ ಹಳೆಯ ಪೆಟ್ಟಿಗೆಯನ್ನು ಎತ್ತಿಕೊಂಡು, ಹಿಂತಿರುಗಿ ನೋಡದೆ ಹೊರಬಂದಳು.

ಸೋಮವಾರ ಊಟದ ಬಿಡುವಿನಲ್ಲಿ ಫೋನು ಬಂತು. ಫ್ಲೂಟು ನುಡಿಸಿ ನೋಡುವ ಮೊದಲು ಅಂಗಡಿಯ ರಿಜಿಸ್ಟರಿನಲ್ಲಿ ಅವಳು ನಂಬರು ಬರೆದಿದ್ದಳು.

"ಮೇಡಂ, ನಾನು ರೇವಣಸಿದ್ದ. ಫ್ಲೂಟ್ ಅಂಗಡಿ. ದಯವಿಟ್ಟು ಕಟ್ ಮಾಡ್ಬೇಡಿ."

"ಹೇಳಿ."

"ನೀವು ಹೇಳಿದ್ದೇ ಸರಿ. ಬೇರೆ ಒಬ್ಬರ ಹತ್ರ ಅದನ್ನ ಊದಿಸಿ ಫೋನಲ್ಲಿ ರೆಕಾರ್ಡ್ ಮಾಡಿ, ಆ್ಯಪಲ್ಲಿ ಗ್ರಾಫ್ ನೋಡಿದೆ. ಮೇಲ್ಗಡೆ ಸದ್ದು ಇದೆ."

"ಅದನ್ನ ನೋಡೋಕೆ ಗ್ರಾಫ್ ಯಾಕೆ? ಕಿವಿ ಇಲ್ವಾ?"

ಅವನ ಹಿಂದೆ ಬಸ್ಸೊಂದು ಹಾದುಹೋಯಿತು. ಅಂಗಡಿಯಿಂದ ಹೊರಗೆ ಬಂದು ಮಾತಾಡುತ್ತಿದ್ದಾನೆ.

"ಇಲ್ಲ ಮೇಡಂ," ಎಂದ. "ಪೂರ್ತಿ ಇಲ್ಲ. ಎಂಟು ವರ್ಷ ನಿಮ್ಮ ಪೀಣ್ಯದಲ್ಲೇ ತಗಡು ಒತ್ತೋ ಪ್ರೆಸ್ ಶಾಪಲ್ಲಿ ಇದ್ದೆ, ಕಿವಿ ಗಡಚಿಕ್ಕೋ ಸದ್ದು. ಆಗ ಕಿವಿಗೆ ಏನೂ ಹಾಕ್ಕೊಳ್ತಾ ಇರ್ಲಿಲ್ಲ. ಸ್ವರ ಕೇಳುತ್ತೆ, ಮಾತು ಕೇಳುತ್ತೆ. ಆ ಸಣ್ಣ ಸುಸ್ ಅನ್ನೋದು, ಗುಬ್ಬಿ ಚಿಲಿಪಿಲಿ, ಅವೆಲ್ಲಾ ಹೋಗಿ ವರ್ಷ ಆಯ್ತು. ರಿಪೇರಿ ಕೈಯಲ್ಲೇ ಮಾಡ್ತೀನಿ, ಅದರಲ್ಲಿ ತಪ್ಪಲ್ಲ. ಆದ್ರೆ ನೀವು ಕೇಳ್ದಾಗ ಗೊತ್ತಾಗ್ಲಿಲ್ಲ ಅನ್ಬೇಕಿತ್ತು. ಚೆನ್ನಾಗಿದೆ ಅಂದ್ಬಿಟ್ಟೆ. ತಪ್ಪಾಯ್ತು. ಅಂಗಡಿಯಾಗ ಯಾರಿಗೂ ಇದು ಗೊತ್ತಿಲ್ರಿ."

ಕೊನೆಯ ವಾಕ್ಯದಲ್ಲಿ ಅವನ ನಾಲಿಗೆ ಬೆಂಗಳೂರನ್ನು ಬಿಟ್ಟು ಊರಿಗೆ ಹೋಗಿತ್ತು.

ನೀಲಾಳ ಕೈಯಲ್ಲಿನ ರೊಟ್ಟಿಯ ತುಂಡು ಹಾಗೇ ಉಳಿಯಿತು. ಶನಿವಾರ ತಾನಾಡಿದ ಮಾತು ಈಗ ಅವಳನ್ನೇ ಹುಡುಕಿಕೊಂಡು ಬಂದು ಕೆನ್ನೆಗೆ ಬಾರಿಸಿತು.

"ನಿಮ್ಮೂರು ಯಾವುದ್ರೀ?" ಎಂದು ಕೇಳಿದಳು.

"ಚಿಂಚೋಳಿ ಕಡಿ. ನಿಮ್ದು?"

"ಬಾದಾಮಿ ಹತ್ತಿರ."

"ಅದಕ್ಕೇ ಇಷ್ಟ್ ಸಿಟ್ಟದ."

"ನಾವು 'ಐತಿ' ಅಂತೀವ್ರಿ. 'ಅದ' ಅಲ್ಲ."

ಅವನು ನಕ್ಕದ್ದು ಅವಳಿಗೆ ಕೇಳಿಸಿತು. ಸಣ್ಣ, ಅಂಚಿಲ್ಲದ ನಗು. "ಶನಿವಾರ ಬರ್ತೀರಾ ಮೇಡಂ? ಅದೇ ಮಾಡೆಲ್ ಇನ್ನೂ ಮೂರು ಪೀಸ್ ಇದಾವೆ. ತಲೆಭಾಗ ಅದಲು ಬದಲು ಮಾಡಿ ನೋಡೋಣ. ಕೈ ಕೆಲಸ ನಂದು. ಕೇಳೋದು ನೀವು."

ಅವಳು ಹೋದಳು. ಮುಂದಿನ ಶನಿವಾರವೂ ಹೋದಳು.

ಒಂದು ಫ್ಲೂಟು ಆರಿಸಲು ಅಷ್ಟು ಶನಿವಾರಗಳು ಬೇಕಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ. ಅವನು ಹಿಂದಿನ ರಿಪೇರಿ ಕೋಣೆಯಲ್ಲಿ ಸ್ಟೂಲು ಹಾಕುತ್ತಿದ್ದ. ಅವಳು ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಬೆನ್ನ ಹಿಂದಿನಿಂದ ಒಂದೊಂದೇ ತಲೆಭಾಗ ಅವಳ ಕೈಗೆ ಬರುತ್ತಿತ್ತು. ಯಾವುದು ಯಾವುದೆಂದು ನೋಡುವ ಹಾಗಿಲ್ಲ. ಕೊಡುವಾಗ ಬೆರಳಿಗೆ ಬೆರಳು ತಾಗದ ಹಾಗೆ ಅವನು ವಹಿಸುತ್ತಿದ್ದ ಎಚ್ಚರವೇ, ತಾಗಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಾಗಿ ಅವಳ ಮೈ ಜುಮ್ಮೆನಿಸುತ್ತಿತ್ತು.

"ಇದು ಹೇಗಿದೆ?" ಎನ್ನುತ್ತಿದ್ದ ಅವನು.

"ಇದು ಗಂಟಲು ಕಟ್ಕೊಂಡಿದೆ."

"ಇದು?"

"ಇದಕ್ಕೆ ಜಂಬ ಜಾಸ್ತಿ."

"ನುಡಿಸೋರ ಹಾಗೇನಾ?"

ಅವಳು ತಿರುಗುತ್ತಿದ್ದಳು. ಅವನು ಮಾತ್ರ ಬಹಳ ಗಂಭೀರವಾಗಿ ಸ್ಕ್ರೂ ಒಂದನ್ನು ಒರೆಸುತ್ತಿರುತ್ತಿದ್ದ.

ಮೂರನೆಯ ಶನಿವಾರ ಅದು ಸಿಕ್ಕಿತು. ಬೆಳ್ಳಿಯ ತಲೆಭಾಗ, ಮುಚ್ಚಿದ ಕೀಗಳು, ಅವಳ ಸೊಟ್ಟ ಬೆರಳಿಗೆ ಒಂದಿಷ್ಟೂ ಹಿಗ್ಗಬೇಕಿಲ್ಲದ ಅಳತೆ. ಮೇಲಿನ ಸ್ವರವನ್ನು ಅವಳು ಮೆತ್ತಗೆ, ಇನ್ನೂ ಮೆತ್ತಗೆ ಹಿಡಿದಳು. ಅದು ಒಡೆಯಲಿಲ್ಲ, ಸುಂಯ್‌ಗುಟ್ಟಲಿಲ್ಲ; ನಿಂತೇ ಇತ್ತು. ಉಸಿರು ಮುಗಿದ ಮೇಲೂ ಅವಳು ಫ್ಲೂಟನ್ನು ತುಟಿಯಿಂದ ಇಳಿಸಲಿಲ್ಲ.

"ಸಿಕ್ತಾ?" ಅವನು ಪಿಸುಗುಟ್ಟಿದ.

"ಹೇಗೆ ಗೊತ್ತಾಯ್ತು?"

"ನಿಮ್ಮ ಭುಜ ಇಳೀತು."

ಅಷ್ಟರಲ್ಲಿ ಶೈಲಾ ಮೇಡಂ ಬಾಗಿಲಿಗೆ ಬಂದರು. ಒಳ್ಳೆಯ ವ್ಯಾಪಾರಿ, ಮಾತು ಸಿಹಿ, ಕಣ್ಣು ಚುರುಕು. "ಮುಚ್ಚಿದ ಕೀದಾ? ನೋಡೋಕೆ ಸ್ಟೂಡೆಂಟ್ ಫ್ಲೂಟ್ ತರಾನೇ ಇರುತ್ತೆ ಅಲ್ವೇನಮ್ಮ. ನಿಮ್ಮ ಬ್ಯಾಂಡಲ್ಲಿ ಎಲ್ಲರೂ ತೂತಿರೋದೇ ನುಡಿಸ್ತಾರೆ. ನಿವೇದಿತಾ ಕೂಡ. ಸೀರಿಯಸ್ ಪ್ಲೇಯರ್ಸ್ ಅಂದ್ರೆ ಅದೇ."

"ಬೆರಳು ಸೊಟ್ಟ ಇದ್ರೆ ಸೀರಿಯಸ್ ಅಲ್ವಾ ಮೇಡಂ?" ನೀಲಾ ಕೈ ಎತ್ತಿ ತೋರಿಸಿದಳು. "ನನಗೆ ಇದೇ ಬೇಕು."

ಶೈಲಾ ಮೇಡಂ ಭುಜ ಕುಣಿಸಿ, ರೇವಣಸಿದ್ದನ ಕಡೆ ತಿರುಗಿದರು. "ನೀನೂ ಕೇಳಿದ್ಯಾ? ಸೌಂಡ್ ಓಕೆನಾ?"

ಅವನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದ. "ಓಕೆ ಮೇಡಂ," ಎಂದ.

ಅವರು ಹೋದ ಮೇಲೆ ನೀಲಾ ಫ್ಲೂಟನ್ನು ಬಿಚ್ಚುತ್ತ ತಲೆಯೆತ್ತದೆ ಕೇಳಿದಳು. "ಎಷ್ಟು ದಿನ ಮುಚ್ಚಿಡ್ತೀರಾ?"

"ನಡೆಯೋಷ್ಟು ದಿನ."

"ನನ್ನ ಹಾಗೆ ಇನ್ನೊಬ್ರು ಬಂದು ಮೋಸ ಹೋದ್ರೆ?"

"ನಿಮಗೆ ಸುಲಭ ಮೇಡಂ." ಅವನ ದನಿ ಮೊದಲ ಬಾರಿಗೆ ಒರಟಾಯಿತು. "ನಿಮ್ಮ ಬೆರಳು ಸೊಟ್ಟ ಆದ್ರೂ ಕೆಲಸ ಉಳೀತು. ವಾದ್ಯದ ಅಂಗಡೀಲಿ ಕಿವುಡನ್ನ ಯಾರು ಇಟ್ಕೋತಾರೆ? ಮತ್ತೆ ಪ್ರೆಸ್ ಶಾಪಿಗೆ ಹೋಗ್ಲಾ?"

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. ಫ್ಲೂಟಿಗೆ ಮುಂಗಡ ಕೊಟ್ಟು, ವಾರದ ಮಟ್ಟಿಗೆ ನುಡಿಸಿ ನೋಡಲು ಮನೆಗೆ ಒಯ್ದಳು. ಮೆಟ್ರೋದಲ್ಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತವಳಿಗೆ ಸಂತೋಷವಾಗಬೇಕಿತ್ತು.

ನೀಲಾ ಇದ್ದದ್ದು ಬಾಗಲಗುಂಟೆಯಲ್ಲಿ, ಅಕ್ಕ ಮಹಾನಂದಾಳ ಮನೆಯಲ್ಲಿ. ಅಕ್ಕನೇ ಅವಳನ್ನು ಬೆಂಗಳೂರಿಗೆ ಕರೆತಂದದ್ದು, ಕೆಲಸಕ್ಕೆ ಸೇರಿಸಿದ್ದು, ಜ್ವರ ಬಂದಾಗ ಗಂಜಿ ಕುಡಿಸಿದ್ದು. ಅಕ್ಕನಿಗೆ ಎದುರಾಡುವುದೆಂದರೆ ನೀಲಾಳ ನಾಲಿಗೆ ಕಟ್ಟಿಹೋಗುತ್ತಿತ್ತು.

"ಮತ್ತೊಂದು ಪೀಪಿ?" ಮಹಾನಂದಾ ಪೆಟ್ಟಿಗೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು. ಅವಳು ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳುತ್ತಿತ್ತು. "ಹಳೇದರಂಗ ಐತಲ್ಲ! ನಾಳೆ ಮುಂಜಾನೆ ಮಹಾಂತಮ್ಮನವ್ರು ನಿನ್ನ ನೋಡಾಕ ಬರ್ತಾರ. ಅದನ್ನೆಲ್ಲಾ ಒಳಗ ಇಡು."

ಮಹಾಂತಮ್ಮನವರು ಮಗನನ್ನು ಕರೆದುಕೊಂಡು ಬಂದರು. ಮಗ ಚಿರಂಜೀವಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮ್ಯಾನೇಜರ್. ಒಳ್ಳೆಯ ಹುಡುಗ, ಕಡಿಮೆ ಮಾತು. ಅವನ ತಾಯಿಯದೂ ಕೆಟ್ಟ ಮನಸ್ಸಲ್ಲ. ಅವಲಕ್ಕಿ ತಿನ್ನುತ್ತಾ ಪ್ರೀತಿಯಿಂದಲೇ ಕೇಳಿದರು. "ಫ್ಲೂಟ್ ನುಡಿಸ್ತೀಯಂತ? ಚೆನ್ನಾಗಿರುತ್ತೆ. ಮನೇಲಿ ನುಡಿಸ್ಕೋ ಪರವಾಗಿಲ್ಲ. ಮದುವೆ ಆದ್ಮೇಲೆ ಆ ಬ್ಯಾಂಡು, ಸ್ಟೇಜು, ಅವೆಲ್ಲಾ ಬಿಟ್ಟರಾಯ್ತು, ಅಲ್ವಾ?"

ಮಹಾನಂದಾ ಬಾಗಿಲ ಬಳಿಯಿಂದ ಜೋರಾಗಿ ತಲೆಯಾಡಿಸಿದಳು. ಹೌದು ಅನ್ನು, ಎನ್ನುವ ಹಾಗೆ.

"ಬಿಡೂದಿಲ್ಲ ರೀ," ಅಂದಳು ನೀಲಾ.

ತನ್ನ ದನಿ ಅಷ್ಟು ನೇರವಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಮಹಾಂತಮ್ಮನವರ ಚಮಚ ತಟ್ಟೆಯ ಮೇಲೆ ನಿಂತಿತು.

"ಈಗ ಹಾಗನ್ಸುತ್ತೆ. ಆಮೇಲೆ..."

"ಆಮೇಲೂ ಬಿಡೂದಿಲ್ಲ. ಇವತ್ತ ಬ್ಯಾಂಡಿನ ಪ್ರಾಕ್ಟೀಸ್ ಬಿಟ್ಟು ಕೂತೀನಿ, ನೀವು ಬರ್ತೀರಂತ. ಇನ್ನ ಮ್ಯಾಲ ಯಾರು ಬಂದ್ರೂ ಬಿಡೂದಿಲ್ಲ. ನಿಮಗ ಸುಳ್ಳ ಹೇಳಿ ಬರೂದು ನನಗ ಬ್ಯಾಡ."

ಅವರು ಕೈ ತೊಳೆದುಕೊಂಡು ಹೊರಟರು. ಬಾಗಿಲು ಮುಚ್ಚಿದ್ದೇ ಮಹಾನಂದಾ ಸಿಡಿದಳು.

"ಎಂಥಾ ಮನಿ ಕಳಕೊಂಡಿ ಗೊತ್ತೈತೇನು? ಆ ಕುಂದಲಹಳ್ಳಿಗೆ ಶನಿವಾರಾ ಶನಿವಾರಾ ಯಾಕ ಹೋಗ್ತಿ ಅಂತ ನನಗ ತಿಳಿಯೂದಿಲ್ಲಂತ ತಿಳದೀಯೇನು? ಫೋನಿನಾಗ ಒಬ್ಬಾಕಿನ ನಗ್ತಿ. ಯಾಂವ ಅಂವಾ?"

ನೀಲಾ ಹೇಳಿದಳು. ಹೆಸರು, ಊರು, ಕೆಲಸ. ಕಿವಿಯ ವಿಷಯವನ್ನೂ ಹೇಳಿದಳು.

"ನಮ್ಮವನಲ್ಲ. ಸಾಲೀ ಕಲ್ತವನಲ್ಲ. ಮ್ಯಾಲ ಕಿವೀನೂ ಕೇಳೂದಿಲ್ಲ!" ಅಕ್ಕ ತಲೆ ಹಿಡಿದುಕೊಂಡಳು. "ಅವನ ಹತ್ತಿರ ಏನೈತಿ ಅಂತ, ನೀಲಾ?"

"ತನಗ ಕೇಳಿಸಲಿಲ್ಲ ಅಂತ ಒಪ್ಪಿಕೊಂಡ ಗಂಡಸು, ನಾ ನೋಡಿದ್ದು, ಅಂವ ಒಬ್ಬನ ಅಕ್ಕ."

ಹೇಳಿದ ಮೇಲೆ ಅವಳಿಗೆ ನೆನಪಾಯಿತು: ಅವನು ಇದನ್ನೆಲ್ಲ ಅವಳಿಂದ ಕೇಳಿಯೇ ಇರಲಿಲ್ಲ. ಅವನೂ ಏನೂ ಹೇಳಿರಲಿಲ್ಲ. ಯಾರ ಜೊತೆ ಜಗಳವಾಡಿಕೊಂಡು ಬಂದಿದ್ದಳೋ ಅವನ ಪರವಾಗಿ ಮನೆಯನ್ನೇ ಎದುರು ಹಾಕಿಕೊಂಡಿದ್ದಳು.

ಮುಂದಿನ ಶನಿವಾರ ಬಾಕಿ ಹಣ ಕೊಡಲು ಅಂಗಡಿಗೆ ಹೋದಾಗ ರೇವಣಸಿದ್ದ ಕೌಂಟರಿನಲ್ಲಿ ಇರಲಿಲ್ಲ. ಶೈಲಾ ಮೇಡಮ್ಮೇ ಬಿಲ್ಲು ಬರೆಯುತ್ತಿದ್ದರು.

"ಅವನಾ? ಹಿಂದೆ ಇದಾನೆ. ಇನ್ಮೇಲೆ ಸೇಲ್ಸ್‌ಗೆ ಬರಲ್ಲ. ಸೋಮವಾರ ಬಂದು ತಾನೇ ಹೇಳಿದ, ಹೀಗ್ಹೀಗೆ ಮೇಡಂ ಕಿವಿ ವಿಷ್ಯ ಅಂತ. ನನಗೆ ಸಿಟ್ಟು ಬಂತು. ನಾಲ್ಕು ವರ್ಷ ನನ್ನ ಹತ್ರ ಮುಚ್ಚಿಟ್ಟಿದಾನಲ್ಲ! ಕಳಿಸ್ಬಿಡ್ಬೇಕು ಅಂತಾನೇ ಇದ್ದೆ." ಪೆನ್ನು ನಿಲ್ಲಿಸಿದರು. "ಆದ್ರೆ ಅವನ ಕೈ ಅಂಥ ಕೈ ನನಗೆಲ್ಲಿ ಸಿಗುತ್ತೆ ಹೇಳಿ. ರಿಪೇರಿ ಬೆಂಚಲ್ಲಿ ಇರು, ಮಾರಾಟದ ಕಮಿಷನ್ ಇಲ್ಲ, ಕೊನೇ ಚೆಕ್ ಬೇರೆಯವರು ಮಾಡ್ತಾರೆ ಅಂದೆ. ಒಪ್ಕೊಂಡ."

ನೀಲಾ ಹಿಂದಿನ ಕೋಣೆಗೆ ಹೋದಳು. ಅವನು ಕ್ಲಾರಿನೆಟ್ ಒಂದರ ಮೇಲೆ ಬಗ್ಗಿದ್ದ.

"ಹೇಳ್ಬಿಟ್ರಂತೆ."

"ಹೂಂ. ನೀವು ಬೈದ್ರಲ್ಲ."

"ಕಮಿಷನ್ ಹೋಯ್ತಂತೆ."

"ಹೋಯ್ತು." ಅವನು ತಲೆಯೆತ್ತಿದ. ಕಣ್ಣಿನ ಕೆಳಗೆ ದಣಿವಿತ್ತು; ಆದರೆ ಒಳಗಿನ ಕ್ಯಾಬಿನ್ನಿನ ಕಡೆ ಕಳ್ಳನೋಟ ಬೀರುವ ಆ ಹಳೆಯ ಅಭ್ಯಾಸ ಮಾಯವಾಗಿತ್ತು. "ನಿದ್ದಿ ಮಾತ್ರ ಚಲೋ ಬರ್ಲತ್ತದ ನೋಡ್ರಿ."

"ನಾಳೆ ಬೆಳಗ್ಗೆ ಹತ್ತಕ್ಕೆ ಆಯ್ಕೆ. ಬರ್ತೀರಾ?"

"ನಾನು ಬಂದು ಏನು ಕೇಳ್ಲಿ ಮೇಡಂ?"

"ಕೇಳಿದಷ್ಟು ಕೇಳಿ. ಉಳಿದದ್ದು ನಾನು ಹೇಳ್ತೀನಿ."

ಭಾನುವಾರ ಸಭಾಂಗಣದಲ್ಲಿ ನಿವೇದಿತಾ ಮೊದಲು ನುಡಿಸಿದಳು. ಚೆನ್ನಾಗಿಯೇ ನುಡಿಸಿದಳು. ನೀಲಾ ಪೆಟ್ಟಿಗೆ ತೆರೆದಾಗ ಹಿಂದಿನ ಸಾಲಿನ ಒಬ್ಬ, "ಅರೆ, ಹಳೇದೇ ಪಾಲಿಶ್ ಮಾಡ್ಸಿದ್ರಾ?" ಎಂದ. ಕೆಲವರು ನಕ್ಕರು.

"ಇಲ್ಲ. ಹೊಸದು," ಅಂದಳು ನೀಲಾ, ಎಲ್ಲರಿಗೂ ಕೇಳುವಂತೆ. "ತೂತಿಲ್ಲ. ತೂತಿರೋದು ನನಗೆ ಬೇಡ ಅಂತ ತಗೊಂಡಿಲ್ಲ."

ಅವಳು ಕಣ್ಣು ಮುಚ್ಚಲಿಲ್ಲ. ಆರು ವರ್ಷ ಎರಡನೇ ಕುರ್ಚಿಯಲ್ಲಿ ಕೂತು, ಇನ್ನೊಬ್ಬರ ಸ್ವರದ ಕೆಳಗೆ ತನ್ನದನ್ನು ಮಡಿಸಿಟ್ಟು ನುಡಿಸಿದವಳು ಈಗ ಮಡಿಕೆ ಬಿಚ್ಚಿದಳು. ಕೆಳಗಿನ ಸ್ವರಗಳು ತೂಕವಾಗಿ ಬಂದವು. ಮೇಲೇರುವ ತಿರುವಿನಲ್ಲಿ ಎಲ್ಲರೂ ಜೋರು ಮಾಡುತ್ತಾರೆ. ಅವಳು ಮೆತ್ತಗೆ ಹೋದಳು. ಆ ಒಂದು ಸ್ವರ ಸಭಾಂಗಣದ ತಗಡಿನ ಸೂರಿನ ಕೆಳಗೆ ದೀಪದ ಕುಡಿಯಂತೆ ಅಲುಗದೆ ನಿಂತಿತು. ಹಿಂದಿನ ಸಾಲಿನಲ್ಲಿ ಕೆಮ್ಮುತ್ತಿದ್ದವನು ಕೆಮ್ಮು ನುಂಗಿದ.

ಮುತ್ತಣ್ಣ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಒಂಟಿ ಭಾಗ ನೀಲಾಂಬಿಕಾದು," ಎಂದರು. ನಿವೇದಿತಾ ಒಂದು ಗಳಿಗೆ ಮುಖ ಬಿಗಿದುಕೊಂಡು, ಆಮೇಲೆ ಎದ್ದುಬಂದು ಫ್ಲೂಟನ್ನು ಕೈಗೆ ತೆಗೆದುಕೊಂಡು ನೋಡಿದಳು. "ಯಾವ ಅಂಗಡಿ?" ಎಂದು ಕೇಳಿದಳು.

ರೇವಣಸಿದ್ದ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೇಬಿನಲ್ಲಿ ಇವತ್ತು ಸ್ಕ್ರೂಡ್ರೈವರುಗಳಿರಲಿಲ್ಲ.

"ಎಷ್ಟು ಕೇಳ್ತು?" ಪಕ್ಕದಲ್ಲಿ ಕೂರುತ್ತ ಕೇಳಿದಳು.

"ಕೆಳಗಿಂದು ಎಲ್ಲಾ. ಮೇಲೆ ಹೋದಾಗ ಸ್ವಲ್ಪ. ಆಮೇಲೆ ಜನರ ಮುಖ ನೋಡಿದೆ." ಅವನು ಅವಳ ಕಡೆ ತಿರುಗಿದ. "ಆ ಮೇಲಿಂದು ಹೆಂಗಿತ್ತು? ಹೇಳ್ತೀನಿ ಅಂದಿದ್ರಿ."

ನೀಲಾ ಯೋಚಿಸಿದಳು. ಕೇಳಿಸದವನಿಗೆ ಸ್ವರವನ್ನು ಹೇಗೆ ಹೇಳುವುದು? ಅವನ ಅಂಗೈ ತೆಗೆದುಕೊಂಡಳು. ತನ್ನ ಸೊಟ್ಟ ಬೆರಳಿನಿಂದ ಅದರ ಮೇಲೆ ಒಂದು ಗೆರೆ ಎಳೆದಳು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ಎಲ್ಲೂ ನಡುಗದೆ, ಎಲ್ಲೂ ನಿಲ್ಲದೆ.

"ಹಿಂಗಿತ್ತು."

ಅವನು ಮುಷ್ಟಿ ಮುಚ್ಚಿದ. ಅವಳ ಬೆರಳು ಒಳಗೇ ಉಳಿಯಿತು. ಇಬ್ಬರೂ ಅದನ್ನು ಬಿಡಿಸಲು ಹೋಗಲಿಲ್ಲ.

"ನನಗ ನಿಮ್ಮ ಮ್ಯಾಲ ಮನಸಾಗ್ಯದ," ಎಂದ ಅವನು, ಮೆಟ್ಟಿಲನ್ನು ನೋಡುತ್ತ. "ಹೇಳಬಾರದಂತಿದ್ದೆ. ಹೇಳಿದ್ರ ಏನ್ ಕೊಡ್ಲಾಕ ಅದ ನನ್ನ ಬಲ್ಲಿ?"

"ಆಗೈತಿ."

"ಆಂ?"

"'ಮನಸಾಗೈತಿ'. ನಮ್ಮ ಮನ್ಯಾಗ ಹಂಗ ಅಂತಾರ. ಕಲ್ತುಕೋರಿ." ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ನನಗೂ ಆಗೈತಿ. ಹೋದ ವಾರಾನ ಅಕ್ಕಗ ಹೇಳಿ ಬೈಸಿಕೊಂಡೀನಿ. ನಿಮ್ಮನ್ನ ಕೇಳದನ."

ಅವನು ಬೆರಗಾಗಿ ನೋಡಿದ. "ನನಗಿಂತ ಮೊದಲ ನಿಮ್ಮ ಅಕ್ಕಗ ಗೊತ್ತದ?"

"ಪಕ್ಕದ ಮನಿಯವ್ರಿಗೂ ಗೊತ್ತೈತಿ. ನಮ್ಮಕ್ಕನ ದನಿ ಹಂಗೈತಿ. ಏಳ್ರಿ."

"ಎಲ್ಲಿಗೆ?"

"ಬಾಗಲಗುಂಟೆಗೆ."

"ಈಗಾ? ಬೈತಾರೆ ಮೇಡಂ!"

"ಬೈಲಿ. ಇಬ್ಬರೂ ಕೂತು ಬೈಸಿಕೊಳ್ಳೋಣು. ಮತ್ತ ಮೇಡಂ ಅನ್ನೂದು ಬಿಡ್ರಿ."

ಮೆಟ್ರೋದಲ್ಲಿ ಅವನು ದಾರಿಯುದ್ದಕ್ಕೂ ಅಂಗಿಯ ಕಾಲರು ಸರಿಮಾಡಿಕೊಂಡ. ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರೂ ಬಾಗಲಗುಂಟೆಯ ಮೂರನೆಯ ಅಡ್ಡರಸ್ತೆಯ ಮನೆಯ ಮುಂದೆ ನಿಂತಾಗ ಒಳಗಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

ಮಹಾನಂದಾ ಬಾಗಿಲು ತೆರೆದಳು. ತಂಗಿಯನ್ನು ನೋಡಿದಳು. ತಂಗಿಯ ಪಕ್ಕದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಕ್ಕ, ಇವರ ರೇವಣಸಿದ್ದ. ಸೋಲೋ ನನಗ ಸಿಕ್ತು."

ಮಹಾನಂದಾ ಸೆರಗಿನಿಂದ ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

"ಇವರ ಕೂಡ ಜೋರಾಗಿ ಮಾತಾಡಬೇಕೇನು?" ಕೊನೆಗೆ ತಂಗಿಯನ್ನು ಕೇಳಿದಳು.

"ಬ್ಯಾಡ. ನೀ ದಿನಾ ಮಾತಾಡೂ ಹಂಗ ಮಾತಾಡು. ಸಾಕು."

ರೇವಣಸಿದ್ದನ ತುಟಿಯ ಎಡ ಮೂಲೆ ಸರಿಯಿತು. ಮಹಾನಂದಾಳ ಹುಬ್ಬು ಗಂಟಿಕ್ಕಿತು.

"ನಾ ಒಪ್ಪೀನಂತ ತಿಳ್ಕೋಬ್ಯಾಡ್ರಿ ಇಬ್ಬರೂ."

"ಒಪ್ಪೂ ತನಕಾ ಬರ್ತಾರ, ಅಕ್ಕ," ಅಂದಳು ನೀಲಾ, ಹೊಸ್ತಿಲ ಮೇಲೆ ನೆಟ್ಟಗೆ ನಿಂತು. "ಪ್ರತಿ ಭಾನುವಾರ."

ಮಹಾನಂದಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಚಪ್ಪಲಿ ಅಲ್ಲೇ ಬಿಡ್ರಿ," ಎಂದಳು. "ಕೈ ಕಾಲು ಮಾರಿ ತೊಳಕೊಂಡು ಬರ್ರಿ. ರೊಟ್ಟಿ ಬಿಸಿ ಅದಾವು."